ಕಾರಿನ ಕಾಕಾ ಮತ್ತು ಗೆಳೆಯರು

ಹಳೆಯ ಸಾಮಾನು ಕಂಡರೆ ಕೆಲವರಿಗೆ ಗುಜರಿ ಅಂಗಡಿ ನೆನಪಾಗುತ್ತದೆ. ಕೆಲವರು ಹಾಗಲ್ಲ. ಅದನ್ನು ಒರೆಸುತ್ತಾರೆ. ಎಣ್ಣೆ ಹಾಕುತ್ತಾರೆ. ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಹಳೆಯ ಗಡಿಯಾರ, ಹಳೆಯ ರೇಡಿಯೋ, ಹಳೆಯ ಸೈಕಲ್ಲು. ಇನ್ನು ಕೆಲವರಿಗೆ ಹಳೆಯ ಕಾರಿನ ಹುಚ್ಚು.

ಇಂಥ ಕಾರುಗಳನ್ನು ನೋಡಬೇಕೆಂದರೆ ಧರ್ಮಸ್ಥಳಕ್ಕೆ ಹೋಗಬಹುದು. ಅಲ್ಲಿಯ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆ ಅವರು ಹಳೆಯ ಕಾರುಗಳನ್ನು ಕೂಡಿಸಿ ಇಟ್ಟಿದ್ದಾರೆ. ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಎಂಬ ಕಾರುಗಳ ಮ್ಯೂಸಿಯಂ ಕೂಡ ಅವರ ಸಂಸ್ಥೆಯದೇ. ಅದೇ ಧರ್ಮಸ್ಥಳದವರ ದೊಡ್ಡ ಆಸ್ಪತ್ರೆ ನಮ್ಮ ಸತ್ತೂರಿನಲ್ಲಿದೆ. ಹುಬ್ಬಳ್ಳಿ, ಧಾರವಾಡದ ನಡುವೆ. ಅಲ್ಲಿ ಹೃದಯದ ಆಪರೇಷನ್ ಮಾಡುತ್ತಾರೆ.

ಕಾರು ಮತ್ತು ಹೃದಯ, ಎರಡೂ ಒಂದೇ ಪಾಠದಲ್ಲಿ ಯಾಕೆ ಬಂದವು? ಓದುತ್ತಾ ಹೋಗೋಣ.

ಈ ಪಾಠಕ್ಕಾಗಿ ನಾವು ಒಬ್ಬರನ್ನು ಮನಸಿನಲ್ಲೇ ಮಾಡಿಕೊಳ್ಳೋಣ. ಊರು ಕಲಘಟಗಿ ತಾಲೂಕಿನ ಮಿಶ್ರಿಕೋಟಿ. ವಯಸ್ಸು 62. ಹೆಸರು ಬೇಡ. ಊರ ಹುಡುಗರು 'ಕಾರಿನ ಕಾಕಾ' ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಕಾಕಾ ಅವರ ಹತ್ತಿರ 1964ರ ಒಂದು ಅಂಬಾಸಡರ್ ಕಾರು ಇದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದದ್ದು. ಆ ಕಾರ್ಖಾನೆ 2014ರಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು. ಹೊಸ ಅಂಬಾಸಡರ್ ಈಗ ಸಿಗುವುದಿಲ್ಲ. ಅದಕ್ಕೇ ಕಾಕಾ ಇದನ್ನು ಕಣ್ಣಿನ ಹಂಗ ಕಾಯುತ್ತಾರೆ. ಬ್ಯಾಟರಿ ಕೈ ಕೊಟ್ಟ ದಿನ ಮುಂದೆ ಹ್ಯಾಂಡಲ್ ಹಾಕಿ, ತಿರುವಿ, ಇಂಜಿನ್ ಚಾಲೂ ಮಾಡುತ್ತಾರೆ.

ಎದೆ ಹಿಡಿದ ದಿನ

ಒಂದು ಮುಂಜಾನೆ ಕಾಕಾ ಎದೆ ಒತ್ತಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು. ಮೈ ಬೆವರಿತು. ಎಡಗೈ ಜಗ್ಗಿದಂತಾಯಿತು.

"ಪಿತ್ತ ಆಗಿರಬೇಕ್ರಿ. ಒಂದ್ ಸೋಡಾ ಕುಡೀರಿ," ಅಂದರು ಕಾಕು.

ಪಕ್ಕದ ಮನೆಯ ಹುಡುಗಿ ಕೇಳಲಿಲ್ಲ. 108ಕ್ಕೆ ಫೋನ್ ಮಾಡಿದಳು. ಅದು ಒಳ್ಳೆಯದಾಯಿತು. ಎದೆನೋವು ಬಂದಾಗ ಸೋಡಾ ಕುಡಿದು ಕಾಯುತ್ತಾ ಕುಳಿತವರು ಬಹಳ ಮಂದಿ. ಅವರಲ್ಲಿ ಕೆಲವರು ಮಧ್ಯಾಹ್ನ ಕಾಣಲಿಲ್ಲ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ದುಡ್ಡು ಕೊಡಬೇಕಿಲ್ಲ. ಎದೆ ಹಿಡಿದವರನ್ನು ನಡೆಸಬಾರದು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗಬಾರದು. 2023ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಆದರೆ ಅದು ಬೇಗ ಹೋದವರಿಗೆ ಉಪಯೋಗ. ತಡವಾದಷ್ಟೂ ಹೃದಯದ ಮಾಂಸ ಸಾಯುತ್ತಾ ಹೋಗುತ್ತದೆ.

ಕಾಕಾ ಅವರಿಗೆ ಹುಬ್ಬಳ್ಳಿಯಲ್ಲಿ ಪರೀಕ್ಷೆ ಆಯಿತು. ಹೃದಯಕ್ಕೆ ರಕ್ತ ಕೊಡುವ ಮೂರು ದೊಡ್ಡ ನಾಳಗಳಲ್ಲೂ ಕೊಬ್ಬು ಕಟ್ಟಿತ್ತು. "ಬೈಪಾಸ್ ಆಪರೇಷನ್ ಮಾಡಬೇಕು," ಅಂದರು ಡಾಕ್ಟರು.

ಬೈಪಾಸ್ ಅಂದರೆ ಏನು?

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ಒಂದು ನಿಮಿಷಕ್ಕೆ ಸುಮಾರು 72 ಸಲ ಬಡಿಯುತ್ತದೆ. ದಿನಕ್ಕೆ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಸಲ ದಾಟುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಮೈಗೆಲ್ಲ ರಕ್ತ ಕೊಡುವ ಈ ಪಂಪಿಗೂ ರಕ್ತ ಬೇಕು. ಅದನ್ನು ಕೊಡುವ ಸಣ್ಣ ನಾಳಗಳು ಹೃದಯದ ಮೇಲೇ ಹಬ್ಬಿವೆ.

ಕಾರಿನ ಪೆಟ್ರೋಲ್ ಪೈಪಿನಲ್ಲಿ ಕಸ ಕಟ್ಟಿತು ಅಂದುಕೊಳ್ಳಿ. ಸಪಾಟ ರಸ್ತೆಯಲ್ಲಿ ಗಾಡಿ ಓಡುತ್ತದೆ. ಏರು ಬಂದಾಗ ಕೆಮ್ಮುತ್ತದೆ. ಹೃದಯವೂ ಹಾಗೇ. ಕುಳಿತಾಗ ನೋವಿಲ್ಲ. ಏರು ಹತ್ತಿದಾಗ, ಚೀಲ ಹೊತ್ತಾಗ ಎದೆ ಹಿಡಿಯುತ್ತದೆ. ಡಾಕ್ಟರು ಕಾಲಿನಿಂದ ಒಂದು ರಕ್ತನಾಳ ತೆಗೆಯುತ್ತಾರೆ. ಎದೆಯ ಒಳಗಿನ ಇನ್ನೊಂದು ನಾಳವನ್ನೂ ಬಳಸುತ್ತಾರೆ. ಕಟ್ಟಿದ ಜಾಗವನ್ನು ದಾಟಿಸಿ ಹೊಸ ದಾರಿ ಜೋಡಿಸುತ್ತಾರೆ. ಊರ ಹೊರಗಿನ ಬೈಪಾಸ್ ರಸ್ತೆ ಇದ್ದಂತೆ. ನಮ್ಮ ದೇಶದಲ್ಲಿ ಇಂಥ ಮೊದಲ ಆಪರೇಷನ್ನನ್ನು 1975ರಲ್ಲಿ ಚೆನ್ನೈನಲ್ಲಿ ಡಾಕ್ಟರ್ ಕೆ. ಎಂ. ಚೆರಿಯನ್ ಮಾಡಿದರು. ಆಗ ಅದು ದೊಡ್ಡ ಸುದ್ದಿ. ಈಗ ಹುಬ್ಬಳ್ಳಿ-ಧಾರವಾಡದಲ್ಲೇ ಆಗುತ್ತದೆ.

ಖರ್ಚಿನ ಮಾತು. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಅದು 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂತು. ಕಾಯಿಲೆ ಬರುವ ಮೊದಲೇ ಕಾರ್ಡು ಮಾಡಿಸಬೇಕು. ಎದೆ ಹಿಡಿದ ಮೇಲೆ ಕಚೇರಿಗೆ ಓಡಾಡುವುದು ಕಷ್ಟ.

ಡಾಕ್ಟರು ಕೂಡಿಸಿದ ಎಲುಬು

ಹೃದಯ ಮುಟ್ಟಬೇಕಾದರೆ ಎದೆಯ ನಡುವಿನ ಎಲುಬನ್ನು ಕೊಯ್ಯಬೇಕು. ಆಪರೇಷನ್ ಮುಗಿದ ಮೇಲೆ ಅದನ್ನು ಸ್ಟೀಲ್ ತಂತಿಯಿಂದ ಬಿಗಿಯುತ್ತಾರೆ. ತಂತಿ ಹಿಡಿದುಕೊಂಡಿರುತ್ತದೆ, ಅಷ್ಟೆ. ಕೂಡಿಕೊಳ್ಳುವ ಕೆಲಸ ಎಲುಬೇ ಮಾಡಬೇಕು. ಅದಕ್ಕೆ ಆರರಿಂದ ಎಂಟು ವಾರ ಬೇಕು. ಪೂರಾ ಗಟ್ಟಿಯಾಗಲು ಮೂರು ತಿಂಗಳು. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸೇದುವವರಿಗೆ ಇನ್ನೂ ನಿಧಾನ. ಕಾರಿನ ಭಾಗ ಮುರಿದರೆ ಹುಬ್ಬಳ್ಳಿಗೆ ಹೋಗಿ ತರಬಹುದು. ಇದು ಅಂಗಡಿಯಲ್ಲಿ ಸಿಗುವುದಿಲ್ಲ. ರೊಕ್ಕ ಕೊಟ್ಟು ಬೇಗ ಮಾಡಿಸಲೂ ಬರುವುದಿಲ್ಲ.

ಸುಮಾರು ಒಂದು ವಾರಕ್ಕೆ ಕಾಕಾ ಮನೆಗೆ ಬಂದರು. ಹೊಲಿಗೆ ಒಣಗಿತ್ತು. ಮುಖದಲ್ಲಿ ಕಳೆ ಇತ್ತು. ನೋಡಿದವರು "ಅರೆ, ಆರಾಮ ಆಗ್ಯಾರಲ್ಲ!" ಅಂದರು. ಇಲ್ಲೇ ಮೋಸ ಹೋಗುವುದು. ಮೇಲಿನ ಚರ್ಮ ಬೇಗ ಮಾಯುತ್ತದೆ. ಒಳಗಿನ ಎಲುಬು ಹಸಿ ಇರುತ್ತದೆ.

ಹದಿನೈದನೇ ದಿನ ಕಾಕಾ ಮೆಲ್ಲಗೆ ಶೆಡ್ಡಿನ ಕಡೆ ನಡೆದರು. ಕಾರಿನ ಹ್ಯಾಂಡಲ್ ಕೈಗೆ ತೆಗೆದುಕೊಂಡರು. ಬಹಳ ದಿನ ನಿಂತ ಗಾಡಿ, ಒಮ್ಮೆ ಚಾಲೂ ಮಾಡಿ ನೋಡೋಣ ಅಂತ. ಅಷ್ಟರಲ್ಲಿ ಅವರ ಗೆಳೆಯ, ಗ್ಯಾರೇಜ್ ಮೇಸ್ತ್ರಿ ಬಂದರು. ಹ್ಯಾಂಡಲ್ ಕಸಿದುಕೊಂಡರು.

"ಲೇ ದೋಸ್ತ, ಬೋರ್ ಮಾಡಿಸಿದ ಇಂಜಿನ್ನಿಗೆ ಮೊದಲ ಸಾವಿರ ಕಿಲೋಮೀಟರು ಏನ್ ಮಾಡ್ತಿದ್ದಿ?"

"ಮೆಲ್ಲಕ ಓಡಸ್ತಿದ್ದೆ."

"ಲೋಡ್ ಹಾಕ್ತಿದ್ದೇನು?"

"ಇಲ್ಲೋ ಮಾರಾಯಾ. ಲೋಡ್ ಹಾಕಿದ್ರ ಇಂಜಿನ್ ಕೆಡತೈತಲ್ಲ."

"ಹಂಗಾರ ಈಗ ನೀನೂ ರನ್ನಿಂಗ್ ಇನ್‌ನ್ಯಾಗ ಅದೀ. ಸುಮ್ಮನ ಕೂಡು."

ಕಾಕಾ ನಕ್ಕರು. ನಗುವಾಗಲೂ ಎದೆ ನೋಯಿತು. ದಿಂಬು ಒತ್ತಿಕೊಂಡು ನಕ್ಕರು.

ಹ್ಯಾಂಡಲ್ ತಿರುವುವಾಗ ಎರಡೂ ತೋಳು, ಎದೆ, ಬೆನ್ನು ಎಲ್ಲ ಜಗ್ಗುತ್ತವೆ. ಇಂಜಿನ್ ಹಿಂದಕ್ಕೆ ಒದ್ದರೆ ಗಟ್ಟಿ ಮನುಷ್ಯನ ಮಣಿಕಟ್ಟೇ ಮುರಿಯುತ್ತದೆ. ಹಸಿ ಎಲುಬಿಗೆ ಆ ಪೆಟ್ಟು ಬಿದ್ದರೆ ತಂತಿ ಎಲುಬನ್ನು ಕೊಯ್ದುಕೊಂಡು ಸಡಿಲಾಗಬಹುದು. ಮತ್ತೆ ಆಪರೇಷನ್ ಬೇಕಾಗಬಹುದು. ಕಾರು ಇಲ್ಲದವರೂ ಇದನ್ನು ನೆನಪಿಡಬೇಕು. ಬೈಕಿಗೆ ಕಿಕ್ ಹೊಡೆಯುವುದು, ಬೋರಿನ ಕೈಪಂಪು ಒತ್ತುವುದು, ಕೊಡ ಎತ್ತುವುದು, ನೇಗಿಲು ಹಿಡಿಯುವುದು, ಮೊಮ್ಮಗನನ್ನು ಎತ್ತಿಕೊಳ್ಳುವುದು, ಎಲ್ಲವೂ ಒಂದೇ. ಮೊದಲ ಆರು ವಾರ ಎರಡು ಮೂರು ಕಿಲೋಗಿಂತ ಹೆಚ್ಚು ಎತ್ತಬಾರದು. ಎರಡು ಕಿಲೋ ಅಂದರೆ ಎಷ್ಟು? ಎರಡು ಲೀಟರ್ ನೀರಿನ ಬಾಟಲಿ.

ಮಂಚದಿಂದ ಏಳುವಾಗ ಕೈ ಊರಿ ಎದ್ದರೆ ಎದೆಗೆ ಭಾರ ಬೀಳುತ್ತದೆ. ದಿಂಬನ್ನು ಅಪ್ಪಿಕೊಂಡು, ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು ಏಳಬೇಕು. ಕೆಮ್ಮು ಬಂದಾಗಲೂ ದಿಂಬು ಒತ್ತಿ ಹಿಡಿಯಬೇಕು. ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟ. ಸಂಡಾಸಕ್ಕೆ ಕೆಲವು ವಾರ ಕುರ್ಚಿಯಂಥ ಕಮೋಡು ಇದ್ದರೆ ಒಳ್ಳೆಯದು. ಗೆಳೆಯರಲ್ಲಿ ಯಾರಾದರೂ ಬಡಿಗತನ ಬಲ್ಲವರಿದ್ದರೆ ಹಳೆಯ ಕುರ್ಚಿಯಲ್ಲಿ ಮಾಡಿಕೊಡಬಹುದು. ಹತ್ತು ಡಜನ್ ಬಾಳೆಹಣ್ಣಿಗಿಂತ ಇದು ದೊಡ್ಡ ಉಡುಗೊರೆ.

ಮಾತಾಡಿಸಲು ಬರುವವರು

ನಮ್ಮ ಕಡೆ ಒಂದು ಪದ್ಧತಿ ಇದೆ. ಆಸ್ಪತ್ರೆಯಿಂದ ಬಂದವರನ್ನು ಊರೆಲ್ಲ ಮಾತಾಡಿಸಿಕೊಂಡು ಹೋಗುತ್ತದೆ. ಪದ್ಧತಿ ಒಳ್ಳೆಯದೇ. ಪಟ್ಟಣದಲ್ಲಿ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಆದರೆ ಮೊದಲ ಎರಡು ವಾರ ಇಪ್ಪತ್ತು ಮಂದಿ ಒಂದೇ ಕೋಣೆಯಲ್ಲಿ ಕೂತರೆ? ಒಬ್ಬರಿಗೆ ನೆಗಡಿ ಇದ್ದರೂ ಸಾಕು, ಕಾಕಾ ಅವರಿಗೆ ಕೆಮ್ಮು ಹತ್ತುತ್ತದೆ. ಕಾಕು ಅವರಿಗೆ ಮುಂಜಾನೆಯಿಂದ ರಾತ್ರಿವರೆಗೆ ಚಹಾ ಮಾಡುವುದೇ ಕೆಲಸ. ಬಂದವರೊಬ್ಬರು "ನಮ್ಮ ಅಳಿಯಾನೂ ಹಿಂಗ ಆಪರೇಷನ್ ಮಾಡಿಸಿಕೊಂಡಿದ್ದ, ಎಂಟ ದಿನಕ್ಕ ಹ್ವಾದ," ಅನ್ನುತ್ತಾರೆ. ಇಂಥ ಮಾತು ಬಾಗಿಲ ಹೊರಗೇ ಬಿಟ್ಟು ಬರಬೇಕು.

ಕಾಕಾ ಅವರಿಗೆ ಮೂವರು ಹತ್ತಿರದ ಗೆಳೆಯರು. ಗ್ಯಾರೇಜ್ ಮೇಸ್ತ್ರಿ, ನಿವೃತ್ತ ಬಸ್ ಡ್ರೈವರು, ಶಾಲೆಯ ಮಾಸ್ತರು. ಮೂವರಿಗೂ ಹಳೆಯ ಗಾಡಿಯೆಂದರೆ ಪ್ರಾಣ. ಅವರು ಕೂತು ಕೆಲಸ ಹಂಚಿಕೊಂಡರು. ಮುಂಜಾನೆ ನಡಿಗೆಗೆ ಡ್ರೈವರು ಜೊತೆಯಾಗಬೇಕು. ತಪಾಸಣೆಯ ದಿನ ಹುಬ್ಬಳ್ಳಿಗೆ ಕರೆದೊಯ್ಯಬೇಕು. ಗುಳಿಗೆಯ ಲೆಕ್ಕ ಮಾಸ್ತರದು. ಕಾರಿನ ಚಾಕರಿ ಮೇಸ್ತ್ರಿಯದು. ಇನ್ನೊಂದು ಕೆಲಸವನ್ನು ಯಾರೂ ಹೇಳದೆ ಮೂವರೂ ಮಾಡಿದರು. ಕಾಕಾ ಅವರ ಎದುರಿಗೆ ತಂಬಾಕು ತಿಕ್ಕುವುದನ್ನು ಬಿಟ್ಟರು. ಗುಟ್ಕಾ ಚೀಟಿ ಹರಿಯುವುದನ್ನು ಬಿಟ್ಟರು. ಕಾಕಾ ಮೂವತ್ತು ವರ್ಷ ತಂಬಾಕು ತಿಂದವರು. ತಂಬಾಕು ಬಿಡದಿದ್ದರೆ ಹೊಸ ನಾಳವೂ ಕಟ್ಟುತ್ತದೆ. ಗೆಳೆಯರು ಎದುರಿಗೇ ಸುಣ್ಣ ಹಚ್ಚಿ ಕೂತರೆ ಬಿಡುವುದು ಹೇಗೆ?

ಕಾರಿಗೂ ಆರೈಕೆ ಬೇಕು. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಪೆಟ್ರೋಲು ಹಳತಾಗಿ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ವಾರಕ್ಕೊಮ್ಮೆ ಗೆಳೆಯರು ಕಾರನ್ನು ಹೊರಗೆ ದೂಡಿ ತರುತ್ತಿದ್ದರು. ಆಮೇಲೆ ಚಾಲೂ ಮಾಡುತ್ತಿದ್ದರು. ಶೆಡ್ಡಿನ ಒಳಗೆ ಚಾಲೂ ಮಾಡುತ್ತಿರಲಿಲ್ಲ. ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಪ್ರಾಣವಾಯುವಿನ ಜಾಗ ಅದೇ ಹಿಡಿಯುತ್ತದೆ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಗಟ್ಟಿ ಮನುಷ್ಯರೂ ಸಾಯುತ್ತಾರೆ. ಕಾಕಾ ಗಾಳಿ ಬರುವ ಕಡೆ, ದೂರದ ಕಟ್ಟೆಯ ಮೇಲೆ ಕೂತು ಇಂಜಿನ್ನಿನ ಸದ್ದು ಕೇಳುತ್ತಿದ್ದರು. "ಒಂದ್ ಪ್ಲಗ್ ಮಿಸ್ ಹೊಡ್ಯಾಕತ್ತೈತಿ ನೋಡೋ," ಅನ್ನುತ್ತಿದ್ದರು. ಕೈ ಹಚ್ಚುತ್ತಿರಲಿಲ್ಲ.

ಕೆಲವರ ಹೃದಯಕ್ಕೆ ಪೇಸ್‌ಮೇಕರ್ ಎಂಬ ಸಣ್ಣ ಯಂತ್ರ ಹಾಕಿರುತ್ತಾರೆ. ಅಂಥವರು ಓಡುತ್ತಿರುವ ಇಂಜಿನ್ನಿನ ಮೇಲೆ ಬಗ್ಗಬಾರದು. ಇಂಜಿನ್ನಿನ ಕರೆಂಟು ಆ ಯಂತ್ರಕ್ಕೆ ತೊಂದರೆ ಕೊಡಬಹುದು.

ಮನಸು

ಒಂದು ತಿಂಗಳಾಗುವಾಗ ಕಾಕಾ ಮಾತು ಕಡಿಮೆ ಮಾಡಿದರು. ರಾತ್ರಿ ನಿದ್ದೆ ಇಲ್ಲ. ಸಣ್ಣ ಮಾತಿಗೆ ಸಿಟ್ಟು. ಒಂದು ದಿನ ಊಟದ ತಟ್ಟೆ ಮುಂದೆ ಸುಮ್ಮನೆ ಅತ್ತರು. ಕಾಕು ಗಾಬರಿಯಾದರು. "ದೊಡ್ಡ ಮನುಷ್ಯಾ, ಹೆಂಗಸರಂಗ ಅಳ್ತಾರೇನು?" ಅಂದ ಒಬ್ಬ ಸಂಬಂಧಿಕ.

ಅಳುವುದು ಹೆಂಗಸರ ಗುತ್ತಿಗೆ ಅಲ್ಲ. ಹೃದಯದ ಆಪರೇಷನ್ ಆದ ಬಹಳ ಮಂದಿಗೆ ಹೀಗೆ ಆಗುತ್ತದೆ. ಸಾವಿನ ಹತ್ತಿರ ಹೋಗಿ ಬಂದಿರುತ್ತಾರೆ. ದುಡಿಯುವ ಕೈ ಸುಮ್ಮನೆ ಕೂತಿರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ಆಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ಅದಕ್ಕೂ ಔಷಧ ಇದೆ.

ಕಾಕಾ ಅವರ ಸಂಕಟಕ್ಕೆ ಇನ್ನೊಂದು ಕಾರಣ ಇತ್ತು. ಮಗ ಕಾರನ್ನು ಗುಜರಿಗೆ ಕೊಡುವ ಮಾತು ಆಡುತ್ತಿದ್ದ. ಅವನಿಗೂ ಸಾಲದ ಚಿಂತೆ. "ಈ ಡಬ್ಬಿ ಸಲುವಾಗೇ ಅಪ್ಪನ ಎದಿ ಕೆಟ್ಟಿತು," ಅಂದುಕೊಂಡಿದ್ದ. ಕಾಕಾ ಒಳಗಿನ ಕೋಣೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದರು. ಆದರೆ ಯಾರಿಗೂ ಹೇಳಿರಲಿಲ್ಲ.

ಮಾಸ್ತರು ಮಗನನ್ನು ಕೂರಿಸಿ ಮಾತಾಡಿದರು. ಎದೆ ಕೆಟ್ಟಿದ್ದು ತಂಬಾಕಿನಿಂದ, ಬಿಪಿಯಿಂದ. ಕಾರಿನಿಂದ ಅಲ್ಲ. ಮಾರಬೇಕಾದರೂ ಅಪ್ಪನನ್ನು ಕೇಳಿ ಮಾರಬೇಕು, ಅವರು ಚೇತರಿಸಿಕೊಂಡ ಮೇಲೆ ಮಾರಬೇಕು. ಕಾಯಿಲೆ ಬಿದ್ದವರ ಎತ್ತು, ಹೊಲ, ಗಾಡಿಯನ್ನು ಅವರ ಬೆನ್ನ ಹಿಂದೆ ಮಾರುವ ಮನೆಗಳನ್ನು ನಾವು ಕಂಡಿದ್ದೇವೆ. ರೊಕ್ಕ ಬರುತ್ತದೆ, ನಂಬಿಗೆ ಹೋಗುತ್ತದೆ.

ಮಾಸ್ತರು ಇನ್ನೊಂದು ವಿಷಯವನ್ನೂ ಹೇಳಿದರು. 2021ರಲ್ಲಿ ಕೇಂದ್ರ ಸರಕಾರ ಹಳೆಯ ಗಾಡಿಗಳಿಗೆ ಒಂದು ನಿಯಮ ಮಾಡಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಬಾಡಿಗೆಗೆ ಓಡಿಸದ ಕಾರು ಮತ್ತು ಬೈಕನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಹತ್ತು ವರ್ಷ ನಡೆಯುತ್ತದೆ. ಮತ್ತೆ ಮಾಡಿಸಲು 5,000. ಅಂಥ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಒಯ್ಯಬಹುದು. 1964ರ ಕಾರು ಅಂದರೆ 50 ವರ್ಷ ಯಾವಾಗಲೋ ದಾಟಿದೆ. ಮಗ ಸುಮ್ಮನಾದ. ಸಾಲ ಹಾಗೇ ಇತ್ತು, ನಿಜ. ಅದಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

ಮತ್ತೆ ಸ್ಟಿಯರಿಂಗ್ ಯಾವಾಗ?

ನಡಿಗೆಯೇ ಮೊದಲ ಔಷಧ. ಮೊದಲು ಅಂಗಳದಲ್ಲಿ ಐದು ನಿಮಿಷ. ಆಮೇಲೆ ಓಣಿಯ ತುದಿಯವರೆಗೆ. ನಡೆಯುತ್ತಾ ಮಾತಾಡಲು ಬರಬೇಕು. ಮಾತಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತು ಎಂದು ಅರ್ಥ. ಊಟದಲ್ಲಿ ಜೋಳದ ರೊಟ್ಟಿ, ಪಲ್ಲೆ, ಬೇಳೆ, ಮಜ್ಜಿಗೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ದೂರ ಇರಲಿ. ನಮಗೂ ಮಿರ್ಚಿ ಬಿಡುವುದು ಎಷ್ಟು ಕಷ್ಟ ಎಂದು ಗೊತ್ತು. ದಿನಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚ ಉಪ್ಪು, ಅಂದರೆ 5 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ. ಗುಳಿಗೆಯನ್ನು "ಆರಾಮ ಆಯ್ತು" ಅಂತ ನಾವೇ ನಿಲ್ಲಿಸಬಾರದು.

ಆರನೇ ವಾರ ಡಾಕ್ಟರು, "ಇನ್ನು ಕಾರು ಓಡಿಸಬಹುದು," ಅಂದರು. ಕಾಕಾ ಅವರ ಮುಖ ಅರಳಿತು. ಡ್ರೈವರ್ ಗೆಳೆಯ ಅಲ್ಲೇ ಇದ್ದರು. "ಸಾಹೇಬ್ರ, ಗಾಡಿ ಯಾವುದು ಅಂತ ಕೇಳ್ರಿ," ಅಂದರು. ಡಾಕ್ಟರಿಗೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ಹೊಸ ಕಾರಿನ ಸ್ಟಿಯರಿಂಗ್ ಬೆರಳಲ್ಲಿ ತಿರುಗುತ್ತದೆ. ಹಳೆಯ ಅಂಬಾಸಡರಿನದು ತೋಳು, ಎದೆ ಹಚ್ಚಿ ತಿರುಗಿಸಬೇಕು. ಆ ಕಾಲದ ಕಾರಿಗೆ ಸೀಟ್ ಬೆಲ್ಟೂ ಇಲ್ಲ. ಬ್ರೇಕ್ ಹೊಡೆದರೆ ಎದೆ ಹೋಗಿ ಸ್ಟಿಯರಿಂಗಿಗೆ ಬಡಿಯುತ್ತದೆ. "ಆ ಕಾರಿಗೆ ಮೂರು ತಿಂಗಳು ಕಾಯಿರಿ," ಅಂದರು. ಟ್ರ್ಯಾಕ್ಟರು, ಬೈಕು ಇದ್ದವರೂ ಡಾಕ್ಟರಿಗೆ ಗಾಡಿಯ ಹೆಸರು ಹೇಳಿಯೇ ಕೇಳಬೇಕು. ಬೇರೆ ಕಾರಿನಲ್ಲಿ ಹೋಗುವಾಗ ಬೆಲ್ಟು ಹಾಕಲೇಬೇಕು. ಎದೆ ನೋಯದಂತೆ ನಡುವೆ ಟಾವೆಲ್ ಮಡಿಸಿ ಇಟ್ಟುಕೊಳ್ಳಬಹುದು.

ಇಷ್ಟರ ನಡುವೆ ಕೆಲವು ಲಕ್ಷಣ ಕಂಡರೆ ತಡ ಮಾಡಬಾರದು. ಜ್ವರ. ಗಾಯದಿಂದ ಕೀವು. ಎದೆ ಎಲುಬು 'ಕಟ್ ಕಟ್' ಅನ್ನುವುದು. ಮಲಗಿದರೆ ಉಸಿರು ಕಟ್ಟುವುದು. ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು. ಎರಡೂ ಕಾಲು ಬಾತುಕೊಳ್ಳುವುದು. ನಾಳ ತೆಗೆದ ಕಾಲು ಸ್ವಲ್ಪ ಬಾತಿದ್ದರೆ ದಿಂಬಿನ ಮೇಲೆ ಎತ್ತಿ ಇಟ್ಟರೆ ಇಳಿಯುತ್ತದೆ.

ತೂಕ ಏರಿದ್ದು ತಿಳಿಯಬೇಕಾದರೆ ನಿನ್ನೆಯ ತೂಕ ಬರೆದಿರಬೇಕು. ಕಾಕಾ ಅವರಿಗೆ ಮೊದಲು ಓದು ಬರಹ ಬರುತ್ತಿರಲಿಲ್ಲ. ಸಾಕ್ಷರತಾ ಕೇಂದ್ರದಲ್ಲಿ ಕಲಿತವರು. ಕಾರಿನ ಕಪಾಟಿನಲ್ಲಿ ಅವರದೊಂದು ಪುಸ್ತಕ ಇತ್ತು. ಎಣ್ಣೆ ಬದಲಿಸಿದ ತಾರೀಖು, ಹಾಕಿಸಿದ ಪೆಟ್ರೋಲು, ಎಲ್ಲ ಅದರಲ್ಲಿ ಬರೆಯುತ್ತಿದ್ದರು. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಈಗ ತಮ್ಮ ಲೆಕ್ಕ ಬರೆದರು. ಎರಡು ದಿನದ ಬರಹ ಇಲ್ಲಿದೆ. ಗಟ್ಟಿಯಾಗಿ ಓದಿರಿ.

ಸೋಮವಾರ. ನಡಿಗೆ ಮುಂಜಾನೆ 10 ನಿಮಿಷ, ಸಂಜೆ 10 ನಿಮಿಷ. ತೂಕ 64 ಕಿಲೋ. ಗುಳಿಗೆ ಮುಂಜಾನೆ ತಗೊಂಡೆ. ರಾತ್ರಿ ತಗೊಂಡೆ. ಕಾರು ಶೆಡ್ಡಿನಲ್ಲಿ.

ಮಂಗಳವಾರ. ನಡಿಗೆ ಮುಂಜಾನೆ 12 ನಿಮಿಷ, ಸಂಜೆ ಮಳೆ. ತೂಕ 64 ಕಿಲೋ. ಗುಳಿಗೆ ಎರಡೂ ಹೊತ್ತು. ಗೆಳೆಯರು ಕಾರು ಹೊರಗ ತಂದರು. 15 ನಿಮಿಷ ಚಾಲೂ ಇತ್ತು. ನಾನು ಕಟ್ಟಿ ಮ್ಯಾಲ ಕುಂತಿದ್ದೆ. ಪ್ಲಗ್ ಸರಿ ಆಗೇತಿ.

ಬುಧವಾರ ತೂಕ 66 ಕಿಲೋ ಆಯಿತು. ಉಳಿದದ್ದನ್ನು ನೀವು ಬರೆಯಿರಿ. ಕಾಕಾ ಯಾರಿಗೆ ಹೇಳಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನೂ ಬರೆಯಿರಿ.